ಮಾತು ಬಾರದಾಕೆಯ ದನಿ ಖಚಿತವಾದ ಬಗೆ

ಸಾಲ ವಹಿವಾಟಿನ ಮೇಲ್ವಿಚಾರಣೆಗೆಂದೇ ಕುರ್ಚಿ ಹಾಕಿಸಿಕೊಂಡ ಮಾನ್ಯರೇ,

ಸಾಲಗಾರ ಮೋಸ ಮಾಡಿದರೆ ನಷ್ಟ ಸಾಲ ಕೊಟ್ಟವರದು, ನಡುವೆ ಕೂತು ದಲ್ಲಾಳಿ ಹಣ ತಿಂದ ಕಂಪನಿಗೆ ಯಾವ ಹೊಣೆಯೂ ಇಲ್ಲ ಎಂಬ ತಮ್ಮ ಕಚೇರಿಯ ಉತ್ತರ ತಲುಪಿದೆ. ಎರಡು ಸಾಲಿನ ಉತ್ತರಕ್ಕೆ ಏಳು ತಿಂಗಳು ಹಿಡಿಯಿತು; ಅಷ್ಟು ಆಳವಾಗಿ ಯೋಚಿಸಿದ್ದಕ್ಕೆ ಕೃತಜ್ಞಳು.

ನಾನು ಪುಸ್ತಕ ಬೈಂಡಿಂಗ್ ಮಾಡುವವಳು. ಹೊಸ ಕಟಿಂಗ್ ಯಂತ್ರಕ್ಕೆಂದು ಕೂಡಿಟ್ಟ ಹಣ ಸುಮ್ಮನೆ ಕೂತಿದೆ, ನಾಲ್ಕು ಕಾಸು ಬಡ್ಡಿಯಾದರೂ ಬರಲಿ ಎಂದು, ಮೊಬೈಲಿನಲ್ಲೇ ಜನರಿಂದ ಜನರಿಗೆ ಸಾಲ ಕೊಡಿಸುವ ಕಂಪನಿಯೊಂದರ ಮೂಲಕ ಒಬ್ಬ ಹೊಲಿಗೆಯಾಕೆಗೆ ಕೊಟ್ಟೆ. ಆಕೆಯ ಹೆಸರಿನ ಪಕ್ಕ 'ಫೋನಿನಲ್ಲಿ ಮಾತಾಡಿ ಗುರುತು ಖಚಿತಪಡಿಸಿಕೊಳ್ಳಲಾಗಿದೆ' ಎಂದು ಹಸಿರು ಟಿಕ್ ಹಾಕಿತ್ತು. ಅದನ್ನು ನಂಬಿಯೇ ಕೊಟ್ಟದ್ದು. ಒಂದು ಕಂತೂ ಬರಲಿಲ್ಲ.

ವಿಳಾಸ ಹಿಡಿದು ಹೋದೆ. ಮೂರನೇ ಮಹಡಿಯ ಒಂದೇ ಕೋಣೆ. ಕಿಟಕಿ ಪಕ್ಕ ಕೂತು ಒಬ್ಬಾಕೆ ಶರ್ಟುಗಳಿಗೆ ಕಾಜಾ ಹೊಲಿಯುತ್ತಿದ್ದಳು. ಬಾಗಿಲಲ್ಲೇ ನಿಂತು ಬಾಯಿಗೆ ಬಂದಂತೆ ಬೈದೆ. ಆಕೆ ತುಟಿ ಅಲ್ಲಾಡಿಸಿದಳು, ದನಿ ಹೊರಡಲಿಲ್ಲ. ಮೂಲೆಯ ಒಲೆಯ ಬಳಿಯಿಂದ ಆಕೆಯ ಅತ್ತೆ ಧಾವಿಸಿ ಬಂದರು.

"ಯಾರಮ್ಮಾ ನೀನು, ಯಾಕೆ ಹೀಗೆ ಕೂಗಾಡ್ತೀಯ? ಗಂಟಲು ಆಪರೇಷನ್ ಆಗಿ ಮೂರು ವರ್ಷ ಆಯ್ತು, ನನ್ನ ಸೊಸೆಗೆ ಮಾತೇ ಇಲ್ಲ. ಫೋನಲ್ಲಿ ಯಾರ ಹತ್ರ ಸಾಲ ಕೇಳ್ತಾಳೆ?"

ಆಕೆಯ ಗುರುತಿನ ಚೀಟಿಯ ಪ್ರತಿಯನ್ನು ಯಾರೋ ಎಲ್ಲೋ ಕದ್ದಿದ್ದರು. ನನ್ನ ಹಣ ಹೋದದ್ದು ಆಕೆ ಕಂಡು ಕೇಳರಿಯದ ಖಾತೆಗೆ. ಆಕೆ ಎದ್ದು ಒಂದು ಲೋಟ ನೀರು ತಂದುಕೊಟ್ಟಳು. ಬೈದದ್ದಕ್ಕೆ ಕ್ಷಮೆ ಕೇಳಿ ಕುಡಿದೆ.

ಆಸ್ಪತ್ರೆಯ ಕಾಗದ ಹಿಡಿದು ನಾವಿಬ್ಬರೂ ತಮ್ಮ ಕಚೇರಿಗೆ ಬಂದೆವು. ತಮ್ಮ ಗುಮಾಸ್ತರು ತಲೆ ಎತ್ತಲಿಲ್ಲ.

"ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರ ಮೇಲೆ ಕೇಸು ಹಾಕಿ."

"ಸಾರ್, ಇವರಿಗೆ ಮಾತೇ ಬರಲ್ಲ!"

"ಅದನ್ನ ಅವರು ಕೋರ್ಟಲ್ಲಿ ಹೇಳ್ಲಿ, ಮೇಡಂ."

ನಗಬೇಕೋ ಅಳಬೇಕೋ, ತಾವೇ ಹೇಳಿ. ಮೊನ್ನೆ ಕಂಪನಿ ಆಕೆಗೆ ವಕೀಲರ ನೋಟಿಸು ಕಳಿಸಿದೆ, ಅದೂ ನನ್ನ ಹೆಸರಲ್ಲಿ! ನಾನು ಓದದೆ ಒಪ್ಪಿದ ಷರತ್ತುಗಳಲ್ಲಿ ಆ ಅಧಿಕಾರವೂ ಇತ್ತಂತೆ. ಸುಳ್ಳು ಗುರುತಿಗೆ ಮುದ್ರೆ ಒತ್ತಿದ ಕಂಪನಿ ಬರೀ 'ವೇದಿಕೆ'ಯಂತೆ, ಜನರನ್ನು ಜೋಡಿಸುವುದಷ್ಟೇ ಅದರ ಕೆಲಸವಂತೆ. ಮೋಸ ಹೋದವಳು ವಾದಿ, ಹೆಸರು ಕಳಕೊಂಡವಳು ಪ್ರತಿವಾದಿ. ಕಳ್ಳನಿಗೆ ಇದಕ್ಕಿಂತ ಅನುಕೂಲದ ಕಾನೂನು ಬೇಕೆ? ನೋಟಿಸಿನ ಸುದ್ದಿ ಕೇಳಿ ಆಕೆಗೆ ಕೆಲಸ ಕೊಡುತ್ತಿದ್ದ ಅಂಗಡಿಯವನು ಹೊಲಿಯಲು ಬಟ್ಟೆ ಕೊಡುವುದನ್ನೂ ನಿಲ್ಲಿಸಿದ್ದಾನೆ.

ನನ್ನ ಹಣ ಮುಳುಗಿದ್ದು ಮುಳುಗಿತು ಎಂದೇ ಇಟ್ಟುಕೊಳ್ಳಿ. ಆ ನೋಟಿಸನ್ನು ಈ ವಾರವೇ ಹಿಂತೆಗೆಸಿ. ಗುರುತು ಖಚಿತವೆಂದು ಬರೆದುಕೊಟ್ಟವರೇ ಆ ಬರಹಕ್ಕೆ ಹೊಣೆ ಎಂದು ಆದೇಶ ಹೊರಡಿಸಿ. ಇಲ್ಲವಾದರೆ ವಿಚಾರಣೆಯ ದಿನ ನಾನೇ ಕಟಕಟೆ ಹತ್ತಿ ಪ್ರತಿವಾದಿಯ ಪರ ಸಾಕ್ಷಿ ಹೇಳುತ್ತೇನೆ.

ಇಂತಿ,
ತನ್ನ ಕೇಸಿನಲ್ಲಿ ತಾನೇ ಸೋಲಲೆಂದು ಹಾರೈಸುವ
ಬೈಂಡಿಂಗ್‌ನವಳು