ಹೆಸರು ಬರೆಸಿದ ಪುಸ್ತಕ

ಹಿರೇನಲ್ಲೂರು, ಗುರುವಾರ

ಪರಮೇಶಣ್ಣನವರಿಗೆ ನಮಸ್ಕಾರ.

ನಮ್ಮ ಚಿತ್ರೋತ್ಸವಕ್ಕೆ ಬಂದವರ ಹೆಸರು, ಫೋನ್ ನಂಬರ್ ಇದ್ದ ಪುಸ್ತಕವನ್ನು ನೀವು, ಹೊರದೇಶದ ಸಿನಿಮಾ ತೋರಿಸಬಾರದೆಂದು ಗಲಾಟೆ ಮಾಡಿದ ಆ ಗುಂಪಿನವರ ಕೈಗೆ ಕೊಟ್ಟದ್ದು ತಪ್ಪು. ನಿಮ್ಮ ಸಭಾಭವನದ ಗಾಜು ಒಡೆಯುತ್ತೇವೆಂದು ಹೆದರಿಸಿದರಂತೆ, ಕೇಳಿದೆ.

ಯುದ್ಧ ಬೇಡವೆನ್ನುವ ಸಿನಿಮಾ ನೋಡುವವರು ಹೆಸರು ಮುಚ್ಚಿಡಬಾರದು ಎಂದು ಹಠ ಹಿಡಿದು ಎಲ್ಲರಿಂದ ಬರೆಸಿದವಳು ನಾನೇ. ನಿನ್ನೆ ನನ್ನ ಗೆಳತಿ ನೂರೈನ್‌ಗೆ ಯಾರೋ ಫೋನ್ ಮಾಡಿ, “ಏನಮ್ಮಾ, ಪರದೇಶದ ಸಿನಿಮಾನೇ ಬೇಕಾ? ನಿಮ್ಮಪ್ಪನ ಅಂಗಡಿ ಎಲ್ಲೈತೆ ಅಂತ ಗೊತ್ತು ಕಣಮ್ಮಾ” ಅಂದರಂತೆ. ಅವಳು ಇವತ್ತು ಕಾಲೇಜಿಗೆ ಬರಲಿಲ್ಲ. ಬಾಗಿಲು ಬಡಿದರೆ ನಾನೂ ಬೆಚ್ಚುತ್ತೇನೆ.

ಪೊಲೀಸರಿಗೆ ದೂರು ಬರೆದಿಟ್ಟಿದ್ದೇನೆ, ಇನ್ನೂ ಕೊಟ್ಟಿಲ್ಲ. ಪುಸ್ತಕ ಹೇಗೆ ಹೋಯಿತೆಂದು ನೀವೇ ಕಡೂರು ಠಾಣೆಗೆ ಬಂದು ಹೇಳಬೇಕು. ಒಬ್ಬಳೇ ಠಾಣೆಯ ಮೆಟ್ಟಿಲು ಹತ್ತಲು ನನಗೆ ಧೈರ್ಯ ಸಾಲದು ಅಣ್ಣಾ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಡೂರು ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ.

ಅನುಪಮಾ