ಮಳೆ ಡಬ್ಬಿಯಲ್ಲಿ ಕಾವಾ

ಸೋದರ ಸೊಸೆ ಲೇಮಾರಾಳಿಗೆ ಗೌವಾ ದ್ವೀಪದಿಂದ ಮಾವನ ಆಶೀರ್ವಾದ.

ಮಳೆ ಅಳೆಯಲು ನನ್ನಂಥವನು ಈ ದ್ವೀಪಕ್ಕೆ ಹಿಂದೆ ಬಂದಿಲ್ಲ, ಮುಂದೆಯೂ ಬರಲಾರ. ಈ ಸಲ ಮಳೆ ಕಡಿಮೆಯೆಂದು ರಾಜಧಾನಿಯ ಹವಾಮಾನ ಕಚೇರಿ ಹೇಳಿದೆ. ಹಾಗಾಗಿ ಊರಿನ ನೀರಿನ ಟ್ಯಾಂಕಿಗೆ ಬೀಗ ಹಾಕಿದ್ದಾರೆ. ಬೀಗದ ಕೈ ನನ್ನ ಬಳಿ; ಮಳೆ ಬಂತೆಂದು ನಾನು ಲೆಕ್ಕ ಕೊಟ್ಟರೆ ಮಾತ್ರ ಬಟ್ಟೆ ಒಗೆಯಲು ನೀರು.

ನಿನ್ನೆ ಬೆಳಿಗ್ಗೆ ಆಕಾಶದಲ್ಲಿ ಮೋಡವೇ ಇಲ್ಲ, ಮಳೆ ಅಳೆಯುವ ನನ್ನ ಡಬ್ಬಿಯಲ್ಲಿ ಮಾತ್ರ ಹನ್ನೆರಡು ಮಿಲಿಮೀಟರ್ ನೀರು! ನೆರೆಮನೆಯ ಎವ್ಲಿನಕ್ಕ ಆಗಲೇ ಬಟ್ಟೆಗಂಟು ಹೊತ್ತು ಟ್ಯಾಂಕಿನ ಬಳಿ ನಿಂತಿದ್ದಳು.

"ಲೆಕ್ಕ ಬಂತಲ್ಲ, ಬೀಗ ತೆಗಿಯೋ ಮಾರಾಯ" ಎಂದಳು.

ಡಬ್ಬಿಯ ನೀರು ಕೆಸರಿನ ಬಣ್ಣಕ್ಕಿತ್ತು. ಒಂದು ಗುಟುಕು ಕುಡಿದೆ, ನಾಲಿಗೆ ಜೋಮು ಹಿಡಿಯಿತು. ಕಾವಾ! ಕಾವಾ ಕುಡಿಯುವ ಗುಡಿಸಲಲ್ಲಿ ನಮ್ಮೂರಿನಂತೆ ಇಲ್ಲಿಯೂ ದೀಪ ಹಚ್ಚುವುದಿಲ್ಲ. ಗಂಡಸರು ಕುಡಿದು ತೆಂಗಿನ ಚಿಪ್ಪಿನಲ್ಲಿ ಉಳಿದ ಆ ಮತ್ತಿನ ಬೇರಿನ ರಸವನ್ನು ಕತ್ತಲಲ್ಲೇ ಹೊರಗೆ ಚೆಲ್ಲುತ್ತಾರೆ. ಡಬ್ಬಿಯನ್ನು ಆ ಬಾಗಿಲಲ್ಲೇ ನೆಟ್ಟವನು ನಾನು, ಸಂಜೆ ನಾನೂ ಒಂದು ಚಿಪ್ಪು ಕುಡಿಯುವ ಅನುಕೂಲಕ್ಕೆ.

"ಮಳೆ ಸೊನ್ನೆ, ಅಕ್ಕ. ಇದು ನಿನ್ನ ಗಂಡ ಚೆಲ್ಲಿದ್ದು" ಎಂದೆ.

"ಅವನು ಚೆಲ್ತಾನಾ? ಚಿಪ್ಪು ನೆಕ್ಕೋ ಗಿರಾಕಿ ಅದು. ನಿನ್ನ ಡಬ್ಬೀನ ಚರ್ಚ್ ಹತ್ರ ನೆಡು, ಅಲ್ಲಿಗೆ ಒಬ್ಬನೂ ಬರಲ್ಲ" ಎಂದು ಗೊಣಗುತ್ತ ಗಂಟಿನೊಂದಿಗೆ ದೂರದ ಹೊಳೆಗೆ ಹೊರಟಳು. ಟ್ಯಾಂಕಿನ ನೀರು ಉಳಿಯಿತು.

ನನ್ನ ಮಂಡಿನೋವು ವಾಸಿ. ದಪ್ಪ ಬನಿಯನ್ ಎರಡು ಕಳಿಸು.

ಕಚೇರಿಗೆ ಫೋನ್ ಮಾಡಿ, "ಮಳೆ ಸೊನ್ನೆ, ಕಾವಾ ಹನ್ನೆರಡು" ಎಂದು ಇದ್ದದ್ದನ್ನೇ ಹೇಳಿದೆ. ಅಲ್ಲಿನ ಸಾಹೇಬ ದನಿ ತಗ್ಗಿಸಿ ಕೇಳಿದ: "ಯಜಮಾನ್ರೇ, ಮುಂದಿನ ವಾರಾನೂ ಕಾವಾ ಬೀಳೋ ಹಾಗಿದ್ಯಾ? ನಾನೇ ಬಂದು ಅಳೀತೀನಿ."

ಕಾಗದ ಒಯ್ಯುವ ಹಡಗು ಕೂಗುತ್ತಿದೆ,
ಕಲ್ಮೆಟ್ ಮಾವ