ಭಕ್ತರು ಅಂದರೆ ಯಾರು?

ಮಾಗಡಿ ತಾಲ್ಲೂಕು, ನಮ್ಮೂರಿನಿಂದ
11 ಫೆಬ್ರವರಿ 2025

ತಮ್ಮ ಮುನಿಕೃಷ್ಣನಿಗೆ,

ಶಾಂತಿಸಭೆಯಲ್ಲಿ ಗುಡಿ ಸಮಿತಿಯವರು ಕೊಟ್ಟ ಮಾತು ಇದು: ಮಾರಮ್ಮನ ಗುಡಿಯೊಳಕ್ಕೆ ಭಕ್ತರೆಲ್ಲರಿಗೂ ಪ್ರವೇಶ. ಎಲ್ಲರಿಗೂ ಒಂದೇ ಬಟ್ಟಲಿನಿಂದ ತೀರ್ಥ. ನಮ್ಮ ಕೇರಿಯವರಿಗೆ ಬೇರೆ ಸಾಲಿಲ್ಲ. ಮೂರರಲ್ಲಿ ಒಂದೂ ಸಿಗಲಿಲ್ಲ. ಹೋದ ಮಂಗಳವಾರ ಅವ್ವನನ್ನು ಕರೆದುಕೊಂಡು ಹೋದರೆ ಬಾಗಿಲಿಗೆ ಬೀಗ.

ಬರೆಯಲು ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಕನಕಪುರಕ್ಕೆ ಹೊರಟಿರುವ ಗಂಗಯ್ಯನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಬೀಗ ಯಾಕೆ ಎಂದು ಕೇಳಿದ್ದಕ್ಕೆ ಗುಡಿ ಸಮಿತಿಯ ಯಜಮಾನ ಸಿದ್ದಯ್ಯ, "ಭಕ್ತರಿಗೆ ಅಂದ್ವಿ, ನಿಮಗೆ ಅಂದ್ವಾ?" ಅಂದರು. ಮೊನ್ನೆ ಭಾನುವಾರ ಅರಳಿಕಟ್ಟೆಯಲ್ಲಿ ಮತ್ತೆ ಸೇರಿದೆವು, ಅವ್ವನೂ ಬಂದಿದ್ದಳು. ನಾನು ಎದ್ದು ನಿಂತು, "ಮೊದ್ಲು ಪದದ ಅರ್ಥ ತೀರ್ಮಾನ ಆಗ್ಲಿ. ಭಕ್ತ ಅಂದ್ರೆ ಯಾರು?" ಎಂದೆ.

"ಅಷ್ಟೂ ಗೊತ್ತಿಲ್ವಾ? ಗುಡಿಯೊಳಗೆ ನಿಂತು ಕೈಮುಗಿಯೋನು ಕಣಮ್ಮ."

"ಒಳಕ್ಕೆ ಬುಟ್ರೆ ತಾನೆ ನಿಲ್ಲೋದು?"

ಅವರ ಕಡೆಯವರೇ ಕಿಸಕ್ಕನೆ ನಕ್ಕರು. ಸಿದ್ದಯ್ಯನ ಮುಖ ಕೆಂಪಾಯಿತು. "ನೀನು ದಲಿತ ಸಂಘದೋಳು, ದ್ಯಾವ್ರಿಲ್ಲ ಅನ್ನೋಳು. ನಿನಗ್ಯಾಕೆ ಗುಡಿ?"

"ನಾನು ನಂಬಲ್ಲ, ದಿಟ. ಒಳಕ್ಕೂ ಬರಲ್ಲ. ಬರೋಳು ನಮ್ಮವ್ವ. ನಂಬೋಳು ಅವಳು."

"ನಾಸ್ತಿಕರ ಮನೇಲಿ ಉಣ್ಣೋಳು ಭಕ್ತೆ ಎಂಗಾದಾಳು?"

ಕೇಳಿದೆಯಾ! ನಂಬಿಕೆ ಒಬ್ಬೊಬ್ಬರ ಎದೆಯೊಳಗಿನದು. ಜಾತಿ ಹುಟ್ಟುವಾಗಲೇ ಮೈಗೆ ಅಂಟಿಸುವಂಥದ್ದು. ಇವರು ಜಾತಿಯ ಬೀಗ ಜಡಿದು ಅದಕ್ಕೆ ಭಕ್ತಿ ಎಂದು ಹೆಸರಿಟ್ಟಿದ್ದಾರೆ. ನನ್ನನ್ನು ನಾಸ್ತಿಕಳು ಅನ್ನಲಿ, ಒಪ್ಪುತ್ತೇನೆ. ಯೋಚನೆ ಮಾಡಿ ದೇವರನ್ನು ಬಿಟ್ಟವಳು ನಾನು. ಆದರೆ ಅವ್ವ?

ಚಿಕ್ಕವನಿದ್ದಾಗ ನಿನಗೆ ಕಣ್ಣುಬೇನೆ ಬಂದು, ಅವ್ವ ಮಾರಮ್ಮನಿಗೆ ಬೆಳ್ಳಿಕಣ್ಣಿನ ಹರಕೆ ಹೊತ್ತಿದ್ದಳಲ್ಲ. ಅದನ್ನು ಬಾಗಿಲ ಆಚೆಯೇ ತಟ್ಟೆಗೆ ಹಾಕಿಸಿಕೊಂಡರು. ಬೆಳ್ಳಿ ಒಳಗೆ ಹೋಯಿತು, ಕೊಟ್ಟವಳು ಹೊರಗೇ ಉಳಿದಳು. ಅವಳ ಆಸೆ ಒಂದೇ: "ನಾ ಕೊಟ್ಟ ಕಣ್ಣು ಅಮ್ಮನ ಮೊಕಕ್ಕೆ ಎಂಗೆ ಒಪ್ತದೆ ಅಂತ ಒಂದ್ಸಲ ನೋಡ್ಬೇಕು ಕಣೆ." ಕೇಸು ಹಾಕೋಣವ್ವ ಅಂದರೆ, "ಪೋಲೀಸ್ನೋರ್ ಜತೇಲಿ ಹೋಗಿ ನೋಡಕ್ಕೆ ಮಾರಮ್ಮ ಏನು ಕಳ್ಳಿಯಾ?" ಅನ್ನುತ್ತಾಳೆ.

ರಮ್ಯಾಳನ್ನು ಕೇಳಿದೆನೆಂದು ಹೇಳು. ನಿಮ್ಮ ಮಗು ಚೆನ್ನಾಗಿ ಬಾಳಲಿ, ಯಾವ ಬಾಗಿಲ ಮುಂದೆಯೂ ಕುಗ್ಗಿ ನಿಲ್ಲದಿರಲಿ.

ನಿನ್ನಕ್ಕ,
ಯಲ್ಲಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಸಭೆಯಿಂದ ಬಂದ ಅವ್ವ ಅವತ್ತು ಸಂಜೆ ದೀಪ ಹಚ್ಚಲಿಲ್ಲ. ಯಾಕವ್ವಾ ಅಂದೆ. "ಅಷ್ಟು ಜನ ಕೂತ್ಕೊಂಡು ನಾನು ಭಕ್ತೆ ಅಲ್ಲ ಅಂದ್ರಲ್ಲ. ಇದ್ರೂ ಇರ್ಬೋದು ಬುಡು" ಅಂದಳು. ನಿನ್ನೆಯೂ ಹಚ್ಚಲಿಲ್ಲ. ಈ ದೀಪಗೀಪ ಬಿಡು ಎಂದು ವರ್ಷಗಟ್ಟಲೆ ಅವಳೊಡನೆ ಜಗಳವಾಡಿದವಳು ನಾನು. ಗೆದ್ದೆ ಅಂತ ಕುಣಿಯಬೇಕಿತ್ತು. ದೀಪದ ಗೂಡಿನ ಮುಂದೆ ಕೂತು ಅತ್ತೆ. ನಾನಾಗಿ ಬಿಟ್ಟವಳು ನಾನು. ಅವಳಿಂದ ಕಿತ್ತುಕೊಂಡರು. ಇಬ್ಬರಿಗೂ ನಾಸ್ತಿಕಳು ಎಂಬ ಒಂದೇ ಹೆಸರು ಹೇಗಾದೀತು? ಅವಳಂಥವರಿಗೆ ಏನನ್ನಬೇಕೋ ನನಗೆ ತಿಳಿಯದು.

ಇದನ್ನು ಮುಂದಿನ ಸಭೆಯಲ್ಲಿ ಕೇಳುತ್ತೇನೆ. ಅವ್ವ ಬರಲ್ಲ ಅಂದಿದ್ದಾಳೆ. ಆ ಬೆಳ್ಳಿಕಣ್ಣು ನಿನಗಾಗಿ ಕೊಟ್ಟದ್ದು, ನೀನು ಬಂದು ಅವಳನ್ನು ಕರಿ. ಸಭೆ ಬರುವ ಭಾನುವಾರ, ಹದಿನಾರನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ, ಅರಳಿಕಟ್ಟೆಯಲ್ಲಿ.